ಬೋಳು ಹೆಸರು

ಅಮೃತಳ ಮೈಯಲ್ಲಿ ಬಿಡುವಾಗಿದ್ದದ್ದು ಕಿವಿ ಒಂದೇ.

ಕೈಗೆ ಕೆಲಸ, ಕಾಲಿಗೆ ಕೆಲಸ, ಕಣ್ಣಿಗಂತೂ ಎರಡು ಪಾಲು ಕೆಲಸ. ಒಲೆಯ ಮೇಲಿನ ಹಾಲು ಒಂದು ಕಣ್ಣಿನದು, ಕೊಟ್ಟಿಗೆಯ ಕರು ಇನ್ನೊಂದು ಕಣ್ಣಿನದು. ನಾಲಗೆಯೂ ಸುಮ್ಮನಿರುವಂತಿಲ್ಲ, ಕರೆದವರಿಗೆಲ್ಲ 'ಬಂದೆ' ಅನ್ನುತ್ತಿರಬೇಕು. ಕಿವಿಯನ್ನು ಮಾತ್ರ ಆ ಮನೆಯಲ್ಲಿ ಯಾರೂ ಕೆಲಸಕ್ಕೆ ಹಚ್ಚಿರಲಿಲ್ಲ. ಆ ಖಾಲಿ ಜಾಗದಲ್ಲಿ ಅವಳು ತನ್ನದೊಂದು ಕೆಲಸ ಹೂಡಿದ್ದಳು. ಸೆರಗಿನ ಮರೆಯಲ್ಲಿ ಇಯರ್‌ಫೋನಿನ ಒಂದು ತುದಿ ಸಿಕ್ಕಿಸಿಕೊಂಡು, ಮೊಬೈಲು ಕನ್ನಡ ಓದುವುದನ್ನು ಕೇಳುತ್ತಾ ಸಗಣಿ ಬಾಚುವಳು. ಮೊಬೈಲು '10ನೇ ತರಗತಿ' ಎಂಬುದನ್ನು 'ಹತ್ತು ನೇ ತರಗತಿ' ಎಂದು ಓದಿದರೆ ಅವಳ ಬಾಚುವ ಕೈ ನಿಲ್ಲುವುದು. 'ಕೆ.ಎಂ. ದೊಡ್ಡಿ'ಯನ್ನು 'ಕೆ ಚುಕ್ಕಿ ಎಂ ಚುಕ್ಕಿ ದೊಡ್ಡಿ' ಎಂದರೆ ನಗು ಬರುವುದು. ಕೈ ತೊಳೆದ ಮೇಲೆ ತಪ್ಪನ್ನೂ ಸರಿಯನ್ನೂ ಎರಡು ಸಾಲಿನಲ್ಲಿ ಬರೆದು ಕಳಿಸುವಳು.

ಕಳಿಸುತ್ತಿದ್ದದ್ದು ಒಂದು ಮೇಲಿಂಗ್ ಲಿಸ್ಟಿಗೆ. ಅಲ್ಲಿಯವರು ಅದನ್ನು 'ಪಟ್ಟಿ' ಎನ್ನುತ್ತಿದ್ದರು. ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ಓದುಯಂತ್ರವೊಂದನ್ನು ಪುಕ್ಕಟೆಯಾಗಿ ತಿದ್ದಿ ಕೊಡುವ ನೂರೈವತ್ತು ಜನರ ಗುಂಪು ಅದು. ಒಬ್ಬರು ಬರೆದ ಮೇಲ್ ಎಲ್ಲರಿಗೂ ಹೋಗುತ್ತದೆ, ಎಲ್ಲವೂ ಎಂದೆಂದಿಗೂ ಕಡತದಲ್ಲಿ ಉಳಿಯುತ್ತದೆ. ಭಾರತೀನಗರದಲ್ಲಿ ಬಿ.ಎ. ಓದುವಾಗ ಅಮೃತ ಕಣ್ಣು ಕಾಣದ ಹುಡುಗಿಯೊಬ್ಬಳ ಪರೀಕ್ಷೆ ಬರೆದುಕೊಟ್ಟಿದ್ದಳು. ಆ ಹುಡುಗಿಯೇ ಮುಂದೆ ಈ ಪಟ್ಟಿಯ ದಾರಿ ತೋರಿಸಿದ್ದು. ಅಷ್ಟು ಹೊತ್ತಿಗೆ ಆತಗೂರಿನ ಅಮೃತ, ಕೆ.ಎಂ. ದೊಡ್ಡಿಗೆ ನಾಲ್ಕು ಮೈಲಿಯ ಊರಿನ ಯತೀಶನ ಹೆಂಡತಿಯಾಗಿ, ಎರಡು ಹಸು, ಒಬ್ಬ ಅತ್ತೆ, ಇಬ್ಬರು ಮಕ್ಕಳ ಪಾಲಾಗಿದ್ದಳು.

ತೊಡಕು ಇದ್ದದ್ದು ಮೊಬೈಲಿನಲ್ಲಿ. ಅದು ಯತೀಶ ಬಳಸಿ ಬಿಟ್ಟದ್ದು. ಸಿಮ್ಮು ಅವಳದು, ಆದರೆ ಮೇಲ್ ಖಾತೆ ಅವನದು. "ಒಂದ್ ಮನೆಗೆ ಎಷ್ಟ್ ಮೇಲ್ ಐಡಿ ಬೇಕಮ್ಮಿ? ಗ್ಯಾಸ್ ಕನೆಕ್ಷನ್ ಇದ್ದಂಗೆ, ಒಂದಿದ್ರೆ ಸಾಕು ಬುಡು" ಎಂದಿದ್ದ. ಯತೀಶ ಕಾರ್ಖಾನೆಗೆ ಕಬ್ಬು ಸಾಗಿಸುವ ಎರಡು ಟ್ರ್ಯಾಕ್ಟರುಗಳ ಮಾಲೀಕ. ಬರುವ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುವ ಆಸೆಯವನು. ಹಾಗಾಗಿ ಫ್ಲೆಕ್ಸ್ ಅಂಗಡಿಯವನ ಹತ್ತಿರ ತನ್ನ ಮೇಲ್‌ಗಳ ಬುಡಕ್ಕೆ ತಾನಾಗಿ ಬಂದು ಕೂರುವ ಒಂದು ಸಹಿ ಮಾಡಿಸಿಕೊಂಡಿದ್ದ. ಸಹಿಯೆಂದರೆ ಬರೀ ಸಹಿಯಲ್ಲ. ಕೈಮುಗಿದು ನಿಂತ ಅವನ ಫೋಟೊ, ಎರಡೂ ಕಡೆ ಹೂಗೊಂಚಲು, ಕೆಂಪು ಹಳದಿಯಲ್ಲಿ 'ಯತೀಶ್, ಸಮಾಜ ಸೇವಕರು', ಕೆಳಗೆ ಫೋನ್ ನಂಬರು. ಅಮೃತ ಪಟ್ಟಿಗೆ 'ಹತ್ತು ನೇ ಅಲ್ಲ, ಹತ್ತನೇ' ಎಂದು ಕಳಿಸಿದರೆ, ಅದರ ಕೆಳಗೆ ಈ ಮೆರವಣಿಗೆ ಹೊರಡುತ್ತಿತ್ತು.

ಪಟ್ಟಿಯಲ್ಲಿ ಮೊದಲ ನಿಯಮವೇ ಬರಿ ಅಕ್ಷರ. ಬಣ್ಣ ಬೇಡ, ದಪ್ಪಕ್ಷರ ಬೇಡ, ಚಿತ್ರ ಬೇಡ. ಬಣ್ಣ ಹಚ್ಚಿಕೊಂಡು ಬಂದ ಮೇಲನ್ನು ಪಟ್ಟಿಯ ಯಂತ್ರ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿತ್ತು. ಪಟ್ಟಿಯ ಬಾಗಿಲು ಕಾಯುವವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಮರಿಸಿದ್ದಯ್ಯ, ನಿವೃತ್ತ ಮೇಷ್ಟ್ರು. ಅವರಿಗೆ ಕಣ್ಣು ಹೋಗಿ ಹನ್ನೊಂದು ವರ್ಷವಾಗಿತ್ತು. ಮೊದಲ ತಿಂಗಳೇ ಅವರ ಪತ್ರ ಬಂತು.

"ಮಾನ್ಯ ಯತೀಶ್ ಅವರೇ, ನೀವು ಹಿಡಿದ ತಪ್ಪುಗಳು ಅಪ್ಪಟವಾಗಿವೆ. ಆದರೆ ನಿಮ್ಮ ಪತ್ರವನ್ನು ನಾನು ಕಿವಿಯಿಂದ ಓದುವವನು. ಎರಡು ಸಾಲು ಮುಗಿದ ಮೇಲೆ ಯಂತ್ರವು 'ಚಿತ್ರ, ಹೆಸರಿಲ್ಲದ ಚಿತ್ರ, ಕೊಂಡಿ, ಚಿತ್ರ' ಎಂದು ನನ್ನ ತಲೆ ಕೊರೆಯುತ್ತದೆ. ದಯವಿಟ್ಟು ಬರಿ ಅಕ್ಷರದಲ್ಲಿ ಬರೆಯಿರಿ."

ಅಮೃತ ನಾಚಿಕೆಯಿಂದ ಸಹಿಯನ್ನು ಕಿತ್ತುಹಾಕಿದಳು. ಖಾತೆ ಒಂದೇ ತಾನೆ? ಯತೀಶ ಕಾರ್ಖಾನೆಗೆ ಬರೆದ ಕಾಗದವೂ ಹೂವಿಲ್ಲದೆ ಹೋಯಿತು. ಅವತ್ತು ಸಂಜೆ ಪಡಸಾಲೆಯಲ್ಲಿ ಗದ್ದಲ.

"ಕಾಗ್ದ ಬೋಳ್‌ಬೋಳಾಗ್ ಓಗದಲ್ಲಮ್ಮಿ! ಫೋಟೊ ಇಲ್ಲ, ಎಸ್ರಿಲ್ಲ. ನನ್ನೇನ್ ಕಂಡೋರ್ ಮನೆ ಆಳು ಅನ್ಕಬುಟ್ರಾ ಅವ್ರು?"

ಹೂವು ಮರಳಿ ಬಂತು. ಅಮೃತ ಪಟ್ಟಿಗೆ ಬರೆಯುವುದನ್ನು ನಿಲ್ಲಿಸಲಿಲ್ಲ, ಮರಿಸಿದ್ದಯ್ಯನವರೂ ಕೈಬಿಡಲಿಲ್ಲ. ತಡೆದು ನಿಂತ ಅವಳ ಮೇಲುಗಳಿಂದ ಅಕ್ಷರವನ್ನಷ್ಟೇ ಬಿಡಿಸಿ ತೆಗೆದು, 'ಯತೀಶ್ ಅವರ ಪರವಾಗಿ' ಎಂದು ತಾವೇ ಪಟ್ಟಿಗೆ ಹಾಕುತ್ತಿದ್ದರು. 'ಧನ್ಯವಾದ ಯತೀಶ್' ಎಂದು ಮೊದಲ ಸಲ ಯಾರೋ ಬರೆದಾಗ ಅವಳಿಗೆ ನಗು ಬಂದಿತ್ತು. ಎರಡನೆಯ ಸಲ, ನಾನು ಯತೀಶ್ ಅಲ್ಲ ಎಂದು ಬರೆಯಲು ಕೂತಳು. ಅಷ್ಟರಲ್ಲಿ ಡೈರಿಗೆ ಹಾಲು ಹಾಕುವ ಹೊತ್ತಾಯಿತು. ಮೂರನೆಯ ಸಲಕ್ಕೆ ಅದು ರೂಢಿಯಾಗಿ ಹೋಗಿತ್ತು. ಈ ಮನೆಯಲ್ಲಿ ಅವಳು ಮಾಡಿದ ಯಾವುದು ತಾನೆ ಅವಳ ಹೆಸರಿಗೆ ಬಿದ್ದಿತ್ತು? ಡೈರಿಯ ಪುಸ್ತಕದಲ್ಲಿ ಹಾಲು ಯತೀಶನದು. ಹಬ್ಬದಲ್ಲಿ ಬಂದವರು ಹೊಗಳಿದ ಒಬ್ಬಟ್ಟು ಅತ್ತೆಯ ಹೆಸರಿಗೆ, 'ದೇವೀರಮ್ಮನ ಮನೆ ಒಬ್ಬಟ್ಟು'. ಎರಡು ವರ್ಷ ಹೀಗೇ ನಡೆಯಿತು. ತಿದ್ದಿದ ಪದಗಳು ಸಾವಿರ ದಾಟಿದವು.

ಆಗ ಪಟ್ಟಿಗೆ ಒಂದು ಪ್ರಕಟಣೆ ಬಂತು. ಓದುಯಂತ್ರದ ಹೊಸ ಆವೃತ್ತಿ ಸಿದ್ಧವಾಗಿದೆ, ದುಡಿದವರ ಹೆಸರುಗಳನ್ನು ಅದರೊಳಗೆ ಸೇರಿಸಲಾಗುತ್ತದೆ, ಕೇಳಿದವರಿಗೆ ಯಂತ್ರವೇ ಆ ಹೆಸರುಗಳನ್ನು ಓದಿ ಹೇಳುತ್ತದೆ. ಪ್ರತಿಯೊಬ್ಬರೂ ತಮ್ಮ ಹೆಸರನ್ನು ಒಂದೇ ಸಾಲಿನಲ್ಲಿ, ಬರಿ ಅಕ್ಷರದಲ್ಲಿ, ತಾವೇ ಬರೆದು ಭಾನುವಾರದೊಳಗೆ ಕಳಿಸಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಬರೆಯುವಂತಿಲ್ಲ, ಬಣ್ಣದಲ್ಲಿ ಬಂದ ಹೆಸರನ್ನು ಯಂತ್ರ ವಾಪಸು ಕಳಿಸುತ್ತದೆ.

ಅದನ್ನು ಕೇಳಿಸಿಕೊಂಡದ್ದು ಪಾತ್ರೆ ತಿಕ್ಕುವಾಗ. ಯಂತ್ರದ ಆ ಒಣ ದನಿಯಲ್ಲಿ 'ಅಮೃತ' ಎಂದರೆ ಹೇಗಿರಬಹುದು? ಹಿಂದೆ ಅದು 'ಅಮರುತ' ಎನ್ನುತ್ತಿತ್ತು. ಆ ಋಕಾರವನ್ನು ತಿದ್ದಿಸಿದವಳು ಅವಳೇ. ಇದೊಂದು ಸಾಲು ತನಗೆ ಬೇಕು ಎಂದು ಅವಳಿಗೆ ಅನ್ನಿಸಿತು. ಒಂದೇ ಒಂದು ಸಾಲು.

ಮೊಬೈಲಿನಿಂದ ಆಗುವ ಮಾತಲ್ಲ. ಆ ಆ್ಯಪಿನಲ್ಲಿ ಹೂವು ತೆಗೆದರೂ ಮೇಲು ಬಣ್ಣದ ಬಟ್ಟೆಯಲ್ಲೇ ಹೊರಡುತ್ತದೆ ಎಂದು ಮರಿಸಿದ್ದಯ್ಯನವರು ಮೊದಲೇ ತಿಳಿಸಿದ್ದರು. ಕಂಪ್ಯೂಟರ್ ಬೇಕು. ಕಂಪ್ಯೂಟರ್ ಇರುವುದು ದೊಡ್ಡಿಯ ಬಸ್ ಸ್ಟ್ಯಾಂಡ್ ಎದುರು ಬುಷ್ರಾಳ ಝೆರಾಕ್ಸ್ ಅಂಗಡಿಯಲ್ಲಿ. ದೊಡ್ಡಿ ನಾಲ್ಕೇ ಮೈಲಿ. ಆದರೆ ಆ ನಾಲ್ಕು ಮೈಲಿಗೆ ಮುಂಚೆ ಐದು ಗಂಟೆಗೆ ಏಳಬೇಕು, ಹಾಲು ಕರೆಯಬೇಕು, ಡೈರಿಗೆ ಹಾಕಬೇಕು, ಮಕ್ಕಳ ಡಬ್ಬಿ ಕಟ್ಟಬೇಕು, ಮಧ್ಯಾಹ್ನದ ಸಾರು ಮಾಡಿಟ್ಟು ಹೋಗಬೇಕು, ಹನ್ನೆರಡಕ್ಕೆ ಮುದ್ದೆಗೆ ಹಿಟ್ಟು ತಿರುವಲು ವಾಪಸು ಬಂದಿರಬೇಕು. ಜೊತೆಗೆ ಹೋಗಲು ಒಂದು ನೆಪ ಬೇಕು. ಗಂಡಸರು 'ಇಲ್ಲೇ ಓಗ್ಬತ್ತೀನಿ' ಎಂದರೆ ಸಾಕು, ಹೆಂಗಸಿಗೆ ಕಾರಣ ಬೇಕು. ಅತ್ತೆಯ ಪಿಂಚಣಿಗೆ ಆಧಾರ್ ಝೆರಾಕ್ಸ್ ಬೇಕಾಗಿತ್ತು. ಗುರುವಾರ ಅದನ್ನೇ ಹಿಡಿದು ಹೊರಟಳು.

"ಬಾ ಅಕ್ಕ, ಏನು ಇಷ್ಟು ಬೆವರಿದ್ದೀಯ? ಬಸ್ಸನ್ನ ನೀನೇ ತಳ್ಕೊಂಡು ಬಂದ್ಯಾ?" ಎಂದಳು ಬುಷ್ರಾ.

"ನಲವತ್ತು ನಿಮಿಷ ಇದೆ ಬುಷ್ರಾ. ನಂಗೊಂದು ಮೇಲ್ ಐಡಿ ಬೇಕು. ನಂದೇ."

ಬುಷ್ರಾ ಏನೂ ಕೇಳಲಿಲ್ಲ. ದಿನಕ್ಕೆ ಹತ್ತು ಹೆಂಗಸರಿಗೆ ಅರ್ಜಿ ತುಂಬಿಕೊಡುವವಳಿಗೆ ಗಂಡಂದಿರ ಫೋನ್ ನಂಬರುಗಳು ಬಾಯಿಪಾಠವಾಗಿದ್ದವು. ಖಾತೆ ತೆರೆದುಕೊಟ್ಟಳು. ಅಮೃತ ಬರೆಯುವ ಪೆಟ್ಟಿಗೆಯ ಮೂಲೆಯಲ್ಲಿ ಹುಡುಕಿ 'ಬರಿ ಪಠ್ಯ' ಎಂಬುದನ್ನು ಒತ್ತಿದಳು. ಬಣ್ಣದ ಗುಂಡಿಗಳೆಲ್ಲ ಮಾಯವಾದವು. ಬೆಳ್ಳಗಿನ ಚೌಕದಲ್ಲಿ ಒಂದು ಪದ ಬರೆದಳು.

ಅಮೃತ

"ಅಷ್ಟೇನಾ?" ಎಂದಳು ಬುಷ್ರಾ. "ಇಷ್ಟಕ್ಕೇ ಬಸ್ಸಿಗೆ ದುಡ್ಡು ಕೊಟ್ಟು ಬಂದ್ಯಾ?"

"ಇಷ್ಟೇ."

ಕಳಿಸಿದ ಮೇಲೆ ನೆಪಕ್ಕೆ ತಂದ ಆಧಾರನ್ನು ಝೆರಾಕ್ಸ್ ಮಾಡಿಸುವುದನ್ನೇ ಮರೆತು ಬಸ್ಸಿಗೆ ಓಡಿದಳು. ಬುಷ್ರಾ ಹಿಂದೆಯೇ ಕೂಗಿಕೊಂಡು ಬಂದು ಕೊಟ್ಟಳು.

ಮರಿಸಿದ್ದಯ್ಯನವರು ಶಿಸ್ತಿನ ಮನುಷ್ಯ. ಎರಡು ವರ್ಷದಲ್ಲಿ ಒಂದು ಸಾಲೂ ಬರೆಯದ ಯಾರೋ 'ಅಮೃತ' ದಿಢೀರನೆ ಹೆಸರು ಕೊಟ್ಟಿದ್ದಾರೆ. ಪಟ್ಟಿಗೆ ಸೇರುವಾಗ ಕೊಟ್ಟ ವಿವರದಲ್ಲಿರುವ ಊರು ಯತೀಶರದೇ. ಸಾವಿರ ಪದದ ಯತೀಶರಿಂದ ಮಾತ್ರ ಹೆಸರು ಬಂದಿಲ್ಲ. ವಿಚಾರಿಸದೆ ಸೇರಿಸುವುದು ಹೇಗೆ? ವಿಚಾರಿಸಲು ಅವರ ಹತ್ತಿರ ನಂಬರೂ ಇತ್ತು. ಎರಡು ವರ್ಷ ಯಂತ್ರವು ಪ್ರತಿ ಮೇಲಿನ ಬುಡದಲ್ಲಿ ಅಂಕಿ ಅಂಕಿಯಾಗಿ ಓದಿ ಹೇಳಿದ್ದ ನಂಬರು.

ಶುಕ್ರವಾರ ಮಧ್ಯಾಹ್ನ ಯತೀಶ ಊಟಕ್ಕೆ ಕೂತಿದ್ದಾಗ ಫೋನು ಬಂತು. ಕೈ ಎಂಜಲಾಗಿದ್ದರಿಂದ ಸ್ಪೀಕರಿಗೆ ಹಾಕಿದ.

"ಯತೀಶ್ ಅವರಾ? ನಾನು ಬೆಳಕವಾಡಿ ಮರಿಸಿದ್ದಯ್ಯ. ಕೊನೆಗೂ ನಿಮ್ಮ ದನಿ ಕೇಳಿದ ಹಾಗಾಯ್ತು ನೋಡಿ! ನೀವು ತಿದ್ದಿದ ಪದಗಳಿಂದ ನಮ್ಮಂಥವರ ಕಿವಿ ತಂಪಾಗಿದೆ. ಏನು ಶ್ರದ್ಧೆ ಸ್ವಾಮಿ ನಿಮ್ಮದು!"

ಯತೀಶ ತುತ್ತು ಕೈಯಲ್ಲೇ ಹಿಡಿದು ಹೆಂಡತಿಯ ಮುಖ ನೋಡಿದ. ಅವಳು ಸಾರಿನ ಸೌಟು ಹಿಡಿದು ನಿಂತಿದ್ದಳು. ಅವಳೇನೋ ಕುರುಡರಿಗೆ ಟೈಪ್ ಮಾಡುತ್ತಾಳೆ ಎಂಬುದು ಅವನಿಗೆ ಅರೆಬರೆ ಗೊತ್ತಿತ್ತು. ಹೊಗಳಿಕೆ ಮಾತ್ರ ಪೂರ್ತಿ ಅರ್ಥವಾಯಿತು.

"ಏನೋ ಸಾ, ಕೈಲಾದ್ ಸೇವೆ" ಎಂದ.

"ಇದು ನಿಮ್ಮ ದೊಡ್ಡತನ. ಅಂದಹಾಗೆ, ಅಮೃತ ಅಂತ ಒಬ್ಬರು ಹೆಸರು ಕೊಟ್ಟಿದ್ದಾರೆ. ನಿಮ್ಮ ಮನೆಯವರಾ?"

"ಊಂ ಸಾ, ನಮ್ಮನೆಯೋರೇ. ನಾನೇಳಿದ್ನ ಟೈಪ್ ಮಾಡ್ಕೊಡ್ತಾರೆ ಅಷ್ಟೆ, ಆ ಎಸ್ರು ತಗ್ದುಬುಡಿ."

"ಸಾರ್, ಹಂಗಲ್ಲ—" ಎಂದಳು ಅಮೃತ.

ಯತೀಶ ಎಡಗೈ ಎತ್ತಿದ. ಹೊಡೆಯಲಿಕ್ಕಲ್ಲ, ತಡೆಯಲಿಕ್ಕೆ. ಪೊಲೀಸಿನವನು ಗಾಡಿ ನಿಲ್ಲಿಸುವ ಹಾಗೆ.

"ಯಾರೋ ಹೆಣ್ಣುಮಗಳು ಮಾತಾಡಿದ ಹಾಗಾಯ್ತು?"

"ಟೀವಿ ಸಾ."

ಮರಿಸಿದ್ದಯ್ಯನವರು ನಿಯಮ ಹೇಳಿದರು. ಫೋನಿನಲ್ಲಿ ಆಡಿದ ಮಾತು ಪಟ್ಟಿಯಲ್ಲಿ ನಡೆಯುವುದಿಲ್ಲ. ಅಮೃತ ಅವರ ಹೆಸರು ತೆಗೆಯಬೇಕಾದರೆ ಅಮೃತ ಅವರೇ ಬರೆಯಬೇಕು, ಯತೀಶ್ ಅವರ ಹೆಸರು ಸೇರಬೇಕಾದರೆ ಅದು ಅವರ ಖಾತೆಯಿಂದಲೇ ಬರಬೇಕು, ಎರಡೂ ಬರಿ ಅಕ್ಷರದಲ್ಲಿ. "ಭಾನುವಾರ ಸಂಜೆಯೊಳಗೆ ಆಗಲಿ" ಎಂದು ಫೋನಿಟ್ಟರು.

ಯತೀಶನಿಗೆ ಊಟ ಮುಗಿಸುವಷ್ಟೂ ತಾಳ್ಮೆ ಇರಲಿಲ್ಲ. ಅವಳ ಮೊಬೈಲು ತೆಗೆದು, ಕಳಿಸಿದ್ದು ಯಾವುದು ತೋರಿಸು ಎಂದ. ತೋರಿಸಿದಳು. ಬಿಳಿಯ ಮೇಲೆ ಒಂದೇ ಪದ.

"ಇದೇನಮ್ಮಿ ಇದು? ಬೋಳೆಸ್ರು! ಮುಂದ್ಕೊಂದ್ ಶ್ರೀಮತಿ ಇಲ್ಲ, ಇಂದ್ಕೊಂದ್ ಗಂಡನ್ ಎಸ್ರಿಲ್ಲ. ನಾನೇನ್ ಸತ್ತೋಗಿವ್ನಾ? ಯಾವ್ಳಾರ ಗಂಡ ಇರೋಳು ಇಂಗ್ ಬೋಳಾಗ್ ಓಗಿ ನೂರೈವತ್ ಜನದ್ ಮುಂದೆ ನಿಂತ್ಕತಾಳಾ?"

ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದ ದೇವೀರಮ್ಮ ತಲೆಯೆತ್ತಿದಳು. ಅವಳ ಗಂಡ ಅಂಕಯ್ಯ ಸತ್ತು ಇಪ್ಪತ್ತೆಂಟು ವರ್ಷ. ಹಣೆ ಅಂದಿನಿಂದ ಬರಿದು.

"ಏನ್ಲಾ ಅಂದೆ?"

"ನಿನ್ಗಲ್ಲ ಕಣವ್ವ."

"ನಂಗಲ್ದೆ ಇನ್ಯಾರ್ಗ್ಲಾ? ಈ ಮನೇಲಿ ಬೋಳಾಗಿರೋಳು ನಾನೊಬ್ಳೇಯ. ನೀನು ಆರ್ ವರ್ಸುದ್ ಕೂಸು, ಕಬ್ಬಿಗ್ ನೀರ್ ಕಟ್ಟಿ ಸಾಕಿದ್ಳು ಈ ಬೋಳಿನೇ ಕಣ್ಲಾ."

ಯತೀಶ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅಮೃತಳ ಎದೆಯಲ್ಲಿ ಏನೋ ಒಂದು ಬಾಗಿಲು ತೆರೆದಂತಾಯಿತು. ಆದರೆ ಅವನು ಅತ್ತ ಹೋದ ಮೇಲೆ ದೇವೀರಮ್ಮ ಸೊಸೆಗೆ ಹೇಳಿದ್ದೇ ಬೇರೆ.

"ಬರ್ದಾಕ್ಬುಡವ್ವ ಅವ್ನೇಳ್ದಂಗೆ. ಎಸ್ರೇನ್ ಉಣ್ಣಕ್ ಬತ್ತದಾ? ಒಲದ್ ಪಾಣಿಲಿ ನನ್ನೆಸ್ರಿಲ್ಲ, ಮನೆ ಪತ್ರದಲ್ ಇಲ್ಲ. ರೇಸನ್ ಕಾರ್ಡಲ್ ಅದೆ, ಅದೂ ಸರ್ಕಾರದೋರ್ ಬಲವಂತಕ್ಕೆ. ನಾನ್ ಬದುಕ್ಲಿಲ್ವಾ?"

ಬದುಕಿದ್ದಳು. ಅದೇ ಅಮೃತಳಿಗೆ ಭಯ ಹುಟ್ಟಿಸಿತು.

ಸಂಜೆಯೊಳಗೆ ಯತೀಶ ಹತ್ತು ಜನಕ್ಕೆ ಸುದ್ದಿ ಮುಟ್ಟಿಸಿದ. 'ಅಂಧರ ಬಾಳಿಗೆ ಬೆಳಕಾದ ಯತೀಶ್' ಎಂಬ ಫ್ಲೆಕ್ಸಿಗೆ ಅಳತೆಯೂ ಹೇಳಿ ಬಂದ. ರಾತ್ರಿಯ ಊಟಕ್ಕೆ ಮುಂಚೆ ತಾನೇ ಪಟ್ಟಿಗೆ ಹೆಸರು ಬರೆದು ಕಳಿಸಿದ. ಅದು ಹೂವು, ಫೋಟೊ, ಕೈಮುಗಿತ ಸಮೇತ ಹೋಗಿ, ಎರಡು ನಿಮಿಷದಲ್ಲಿ ವಾಪಸು ಬಂತು. ಮತ್ತೆ ಕಳಿಸಿದ. ಮತ್ತೆ ಬಂತು. ಶನಿವಾರ ಬೆಳಿಗ್ಗೆ ಹೆಸರನ್ನು ಇನ್ನೂ ದಪ್ಪ ಮಾಡಿ ಕಳಿಸಿದ. ವಾಪಸು.

"ಇದೇನ್ ಬಡ್ಡಿಮಗಂದು, ಎಸ್ರು ಬೋಳ್ಸುದ್ರೇ ಒಳಿಕ್ ಬುಡದಾ?" ಎಂದು ಬೈದ. ಅಮೃತ ಕಸ ಗುಡಿಸುತ್ತಲೇ ಇದ್ದಳು.

"ನಿಂಗ್ ಬತ್ತದಲ್ಲ, ನೀನೇ ಕಳ್ಸು. ನಿನ್ನೆಸ್ರು ತಗಿ, ನಂದಾಕು."

"ಫೋನಲ್ಲಿ ಆಗಲ್ಲ."

"ಮತ್ತೆ ಅದೆಂಗ್ ಕಳ್ಸ್‌ದೆ?"

ಬುಷ್ರಾಳ ಹೆಸರು ಹೇಳದೆ ವಿಧಿಯಿರಲಿಲ್ಲ. ಅವನು ಅವಳ ಮೊಬೈಲನ್ನು ತನ್ನ ಜೇಬಿಗೆ ಹಾಕಿಕೊಂಡ. "ಕಳ್ಸುದ್ಮ್ಯಾಕೆ ಈಸ್ಕೊ. ಇಲ್ದಿದ್ರೆ ಬುಟ್ಬುಡು, ಆ ಕುರುಡ್ರು ಪಟ್ಟಿನೂ ಬ್ಯಾಡ, ಕಿವೀಗ್ ವೈರೂ ಬ್ಯಾಡ" ಎಂದ.

ಹೆಸರು ಬಿಟ್ಟರೆ ಕೆಲಸ ಉಳಿಯುತ್ತದೆ, ಹೆಸರು ಹಿಡಿದರೆ ಕೆಲಸವೂ ಹೋಗುತ್ತದೆ. ಅಮೃತ ಒಂದು ಇಡೀ ದಿನ ಕಿವಿಯಲ್ಲಿ ಏನೂ ಇಲ್ಲದೆ ದುಡಿದು ನೋಡಿದಳು. ಹಸು ಉಸಿರಾಡುವುದು, ಮಿಕ್ಸಿ ಕೂಗುವುದು, ತನ್ನನ್ನು ಕರೆಯುವುದು. ಅಷ್ಟೇ ಕೇಳಿಸಿತು. ಇನ್ನು ಮೂವತ್ತು ವರ್ಷ ಇದನ್ನೇ ಕೇಳುತ್ತಾ ಕೂರಲು ತನ್ನಿಂದಾಗದು ಎಂದು ತಿಳಿಯಿತು.

ಭಾನುವಾರ ಯತೀಶನೇ ಬೈಕಿನಲ್ಲಿ ಕರೆದುಕೊಂಡು ಹೋದ. ಗುರುವಾರ ಅಷ್ಟು ಪಾಡು ಪಟ್ಟು ದಾಟಿದ ನಾಲ್ಕು ಮೈಲಿ ಅದು. ಅವನ ಕೆಲಸಕ್ಕೆಂದು ಹೊರಟಾಗ ಸಾರು ಮಾಡಿಡದಿದ್ದರೂ ಯಾರೂ ಏನೂ ಅನ್ನಲಿಲ್ಲ. ಬುಷ್ರಾ ಇಬ್ಬರನ್ನೂ ನೋಡಿ ಕುರ್ಚಿ ಎಳೆದು ಕೊಟ್ಟಳು. ಅಮೃತ ಕೂತಳು. ಅವನು ಹಿಂದೆ ನಿಂತ.

"ಬರಿ. 'ನನ್ನ ಹೆಸರು ತೆಗೆಯಿರಿ. ಎಲ್ಲಾ ಕೆಲಸ ಮಾಡಿದವರು ನಮ್ಮ ಯಜಮಾನರಾದ ಯತೀಶ್, ಸಮಾಜ ಸೇವಕರು.'"

ಬರೆದಳು.

"ಯತೀಶ್ ಅನ್ನದ್ನ ದಪ್ಪುಕ್ ಮಾಡು."

"ಆಗಲ್ಲ."

"ಕೆಂಪುಕ್ಕೆ?"

"ಇಲ್ಲಿ ಬಣ್ಣನೇ ಇಲ್ಲ."

"ಥೂ, ಇದೇನ್ ಸೂತಕದ್ ಕಾಗ್ದನೇನಮ್ಮಿ!" ಎಂದು ಪರದೆಯತ್ತ ಬಗ್ಗಿದ. "ಮ್ಯಾಗಡೆ ಇದೇನು, ಬಾಣದ್ ಗುರ್ತು? ನಿನ್ನೆಸ್ರು ಯಾಕ್ ಅದೆ ಇನ್ನೂವೆ?"

"ಹಳೇ ಮಾತನ್ನ ಮೇಲಿಟ್ಟು, ಕೆಳಗೆ ಉತ್ತರ ಬರೀಬೇಕು. ಪಟ್ಟಿ ನಿಯಮ ಅದು. ಅಳಿಸಿದ್ರೆ ವಾಪಸ್ ಬರುತ್ತೆ."

ವಾಪಸು ಬರುವುದರ ರುಚಿ ಅವನಿಗೆ ಗೊತ್ತಿತ್ತು. ಅವಳು ಹೇಳಿದ್ದು ಅರ್ಧ ನಿಜ. ಅಳಿಸಿದ್ದರೆ ಯಂತ್ರವೇನೂ ತಡೆಯುತ್ತಿರಲಿಲ್ಲ. ಅವಳ ಬೆರಳಿಗೆ ಅಳಿಸಲು ಮನಸ್ಸಾಗಿರಲಿಲ್ಲ, ಅಷ್ಟೆ. ಬುಷ್ರಾ ಪಕ್ಕದಲ್ಲಿ ಕಾಗದ ಜೋಡಿಸುತ್ತಾ, "ಅಣ್ಣ, ನೀವೇ ಎಲ್ಲ ಪದ ತಿದ್ದಿದ್ದಾ? ನಮ್ಮ ಹುಡುಗನ ಕನ್ನಡ ನೋಟ್ಸೂ ಒಸಿ ನೋಡ್ಕೊಡಿ" ಎಂದಳು. ಯತೀಶ ನಕ್ಕ, ಆದರೆ ಕಿವಿ ಕೆಂಪಾಯಿತು.

ಕಳಿಸುವ ಗುಂಡಿಯನ್ನು ಒತ್ತಿದವಳು ಅಮೃತಳೇ. ಆಮೇಲೆ ಅವನ ಖಾತೆ ತೆರೆದು ಅವನ ಹೆಸರಿನ ಸಾಲನ್ನೂ ಬರಿ ಅಕ್ಷರದಲ್ಲಿ ಕಳಿಸಿದಳು. ಅದನ್ನೂ ಅವಳೇ ಮಾಡಬೇಕಿತ್ತು.

ಸಂಜೆ ಪಟ್ಟಿಯಿಂದ ಉತ್ತರ ಬಂತು. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. "ಹೆಸರು ತೆಗೆಯಲು ಸಂಬಂಧಪಟ್ಟವರೇ ಬರೆಯಬೇಕೆಂಬುದು ನಿಯಮ. ಅಮೃತ ಅವರು ಬರಿ ಅಕ್ಷರದಲ್ಲಿ, ಹಿಂದಿನ ಸಾಲನ್ನು ಉಳಿಸಿ, ಕ್ರಮಬದ್ಧವಾಗಿ ಬರೆದಿದ್ದಾರೆ. ಅವರ ಹೆಸರನ್ನು ತೆಗೆಯಲಾಗಿದೆ, ಯತೀಶ್ ಅವರ ಹೆಸರನ್ನು ಸೇರಿಸಲಾಗಿದೆ. ಈ ಶಿಸ್ತು ಎಲ್ಲರಿಗೂ ಮಾದರಿ."

ಯಾರನ್ನು ದೂರುವುದು? ಮರಿಸಿದ್ದಯ್ಯನವರು ಒಳ್ಳೆಯವರು. ಪಟ್ಟಿಯವರೂ ಒಳ್ಳೆಯವರೇ. ಎಲ್ಲವೂ ಕ್ರಮವಾಗಿ ನಡೆದಿತ್ತು.

ಮೊಬೈಲು ಕೈಗೆ ಬಂತು. ಯತೀಶನಿಗೆ ಅಭಿನಂದನೆಗಳೂ ಬಂದವು. ಫ್ಲೆಕ್ಸು ಅರಳಿಕಟ್ಟೆಯ ಎದುರು ನಿಂತಿತು. ಅಮೃತ ಹಸುವಿಗೆ ಹುಲ್ಲು ತರುವಾಗ ದಿನಕ್ಕೆರಡು ಸಲ ಅದರ ಕೆಳಗೇ ಹಾದುಹೋಗಬೇಕು. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು. ತಪ್ಪುಗಳು ಮೊದಲಿನಂತೆಯೇ ಕೇಳಿಸಿದವು. ಬರೆಯಲು ಕೂತಾಗ ಮಾತ್ರ ಕೈ ಏಳಲಿಲ್ಲ. ಕೆಲಸ ಉಳಿಸಿಕೊಳ್ಳಲೆಂದು ಹೆಸರು ಬಿಟ್ಟಿದ್ದಳು. ಈಗ ನೋಡಿದರೆ ಕೆಲಸದ ಒಳಗಿನ ಜೀವವೇ ಅದರ ಹಿಂದೆ ಹೊರಟುಹೋಗಿತ್ತು.

ಎಂಟು ದಿನದ ಮೇಲೆ, ಅವಳು ಮಧ್ಯಾಹ್ನದ ಹಿಟ್ಟು ತಿರುವುತ್ತಿದ್ದಾಗ, ಯತೀಶ ಫೋನು ಹಿಡಿದು ಅಡಿಗೆಮನೆಗೆ ಬಂದ.

"ಲೇ, ಪಟ್ಟಿಯೋರ್ ಏನೋ ಕೇಳವ್ರೆ. 'ಯತೀಶ್ ಅವರೇ, ವಿಸರ್ಗ ಬಂದ ಕಡೆ ಯಂತ್ರ ತೊದಲುತ್ತದೆ. ಅಂತಃಕರಣ, ದುಃಖ, ಇವನ್ನು ಹೇಗೆ ಬಿಡಿಸಿ ಕೊಡೋಣ?' ಅಂತೆ. ನೂರೈವತ್ ಜನ ಕಾಯ್ತಾವ್ರೆ. ಬಿರ್ನೆ ಉತ್ರ ಬರಿ."

ಉತ್ತರ ಅವಳಿಗೆ ಗೊತ್ತಿತ್ತು. ಎರಡೇ ಸಾಲಿನದು.

ದೊಣ್ಣೆಯನ್ನು ಪಾತ್ರೆಯ ಅಂಚಿಗೆ ಒತ್ತಿ ಹಿಟ್ಟನ್ನು ಇನ್ನೊಂದು ಸುತ್ತು ತಿರುವಿದಳು. ಮುಖಕ್ಕೆ ಹಬೆ ಬಡಿಯಿತು.

"ನಿಮ್ಮೆಸ್ರಿಗೆ ಬಂದದೆ" ಎಂದಳು. "ನೀವೇ ಬರೀರಿ."

ಅವನು ಇನ್ನೂ ಬಾಗಿಲಲ್ಲೇ ನಿಂತಿದ್ದ. ಅವಳು ಕೈ ಒದ್ದೆ ಮಾಡಿಕೊಂಡು ಸುಡುವ ಹಿಟ್ಟಿಗೆ ಕೈ ಹಾಕಿ ಮೊದಲ ಮುದ್ದೆ ಕಟ್ಟತೊಡಗಿದಳು.